ಕ್ಯಾಂಪಸ್ ಕ್ಲಬ್‌ಗಳಲ್ಲೇ ಫೋಟೋಜರ್ನಲಿಸಂ ಕಲಿಯೋದು ಹೇಗೆ: ಪರಿಚಯದಿಂದ ಫೋಟೋ ಸ್ಟೋರಿವರೆಗೆ

ಫೋಟೋಜರ್ನಲಿಸಂ ಕಲೀಬೇಕು ಅನ್ನೋರು ಮೊದಲು ಕೇಳೋದೇ ಯಾವ ಕ್ಯಾಮೆರಾ ತಗೊಳ್ಲಿ ಅಂತ. ಕ್ಯಾಮೆರಾ ವಿಷಯಕ್ಕೆ ಆಮೇಲೆ ಬರ್ತೀನಿ. ಈ ಕೆಲಸದಲ್ಲಿ ನಿಜವಾದ ಕಷ್ಟ ಇರೋದು ಜನ ನಮ್ಮನ್ನ ಒಳಗೆ ಬಿಟ್ಕೊಳ್ಳೋದ್ರಲ್ಲಿ, ಬಿಟ್ಕೊಂಡ ಮೇಲೆ ನಾವು ಅಲ್ಲಿದೀವಿ ಅನ್ನೋದನ್ನೇ ಮರೆತು ಅವರ ಪಾಡಿಗೆ ಅವರು ಇರೋ ಹಾಗೆ ಆಗೋದ್ರಲ್ಲಿ. ಪತ್ರಿಕೆಯಲ್ಲಿ ಕೆಲಸ ಮಾಡೋ ಫೋಟೋಗ್ರಾಫರ್‌ಗೂ ಈ ಎಂಟ್ರಿ ಸಿಗೋಕೆ ಎಷ್ಟೋ ಫೋನು, ಎಷ್ಟೋ ಪರ್ಮಿಷನ್ನು, ಗಂಟೆಗಟ್ಟಲೆ ಕಾಯೋದು ಬೇಕಾಗತ್ತೆ. ಕಾಲೇಜಲ್ಲಿ ಓದ್ತಿರೋರಿಗೆ ಅದರಲ್ಲಿ ಮುಕ್ಕಾಲು ಪಾಲು ಮೊದಲೇ ಸಿಕ್ಕಿರತ್ತೆ. ನಾಟಕದ ತಂಡ, ಡಿಬೇಟ್ ಕ್ಲಬ್ಬು, ರೋಬೋಟಿಕ್ಸ್ ಮಾಡೋರು, ಚೆಸ್ ಆಡೋರು, ಬ್ಯಾಂಡು, ಲೈಬ್ರರಿ ನೋಡ್ಕೊಳ್ಳೋರು, ರಾತ್ರಿ ಪಾಳಿ ಸೆಕ್ಯುರಿಟಿಯವರು, ಎಲ್ಲರೂ ನಡೆದು ಹೋಗೋ ದೂರದಲ್ಲೇ ಇದಾರೆ, ಎಲ್ಲರಿಗೂ ನಿಮ್ಮ ಮುಖ ಸ್ವಲ್ಪನಾದ್ರೂ ಗೊತ್ತು.

ಇದನ್ನ ಜನ ಹಾಳು ಮಾಡ್ಕೊಳ್ಳೋದು ಹೇಗಂದ್ರೆ ಫೆಸ್ಟ್ ದಿನ ಮಾತ್ರ ಕ್ಯಾಮೆರಾ ಹೊರಗೆ ತೆಗೀತಾರೆ. ಸ್ಟೇಜು, ಮೈಕು, ದೀಪ ಬೆಳಗೋದು, ಬಹುಮಾನ ಕೊಡೋದು, ಮುಗೀತು. ಹತ್ತು ಕ್ಲಬ್ಬಿಗೆ ಒಂದೊಂದ್ಸಲ ಹೋಗೋ ಬದಲು ಒಂದೇ ಕ್ಲಬ್ಬಿಗೆ ಹತ್ತು ಸಲ ಹೋಗಿ, ಇಡೀ ಈ ಗೈಡು ನಿಂತಿರೋದು ಈ ಒಂದು ಮಾತಿನ ಮೇಲೆ.

ಹಂತ 1: ಯಾವ ಕ್ಲಬ್ ಹಿಡ್ಕೊಳ್ಳೋದು

ಕೈಯಲ್ಲಿ ಏನಾದ್ರೂ ಕೆಲಸ ನಡೆಯೋ ಕ್ಲಬ್ ಆರಿಸ್ಕೊಳ್ಳಿ. ಬೆಸುಗೆ ಹಾಕೋದು, ಮೇಕಪ್ ಹಚ್ಚೋದು, ವೀಣೆ ಶ್ರುತಿ ಮಾಡೋದು, ಪೋಸ್ಟರ್ ಬರೆಯೋದು, ಇಂಥದ್ದು ಇದ್ರೆ ಜನ ಕೆಲಸದಲ್ಲಿ ಮುಳುಗಿರ್ತಾರೆ, ಕ್ಯಾಮೆರಾ ಕಡೆ ನೋಡೋಕೆ ಪುರುಸೊತ್ತಿರಲ್ಲ. ಬರೀ ಕೂತು ಮಾತಾಡೋ ಕ್ಲಬ್ಬು ಹೊಸಬರಿಗೆ ತುಂಬಾ ಕಷ್ಟ, ಯಾಕಂದ್ರೆ ಎಲ್ಲಾ ಫೋಟೋನೂ ಕುರ್ಚಿ ಮೇಲೆ ಕೂತಿರೋ ಜನದ ಫೋಟೋನೇ ಆಗತ್ತೆ. ಎರಡನೇದು, ಮುಂದೆ ಏನೋ ಒಂದು ಗಡುವು ಇರಬೇಕು, ಸ್ಪರ್ಧೆನೋ ಪ್ರದರ್ಶನನೋ ಮ್ಯಾಚೋ. ಗಡುವು ಇದ್ರೆ ಟೆನ್ಷನ್ ಇರತ್ತೆ, ಜಗಳ ಇರತ್ತೆ, ನಿದ್ದೆಗೆಟ್ಟ ಮುಖ ಇರತ್ತೆ, ಕೊನೆಗೆ ಏನಾಯ್ತು ಅನ್ನೋದೂ ಇರತ್ತೆ, ಅಂದ್ರೆ ಕಥೆಗೆ ಬೇಕಾದ್ದೆಲ್ಲ ತಾನಾಗೇ ಬಂದಿರತ್ತೆ.

ನೀವೇ ಮೆಂಬರ್ ಆಗಿರೋ ಕ್ಲಬ್ಬನ್ನ ಮಾತ್ರ ಬಿಟ್ಬಿಡಿ ಅಂತೀನಿ. ಅಲ್ಲಿ ಒಳ್ಳೆ ಎಂಟ್ರಿ ಇರತ್ತೆ ನಿಜ, ಆದ್ರೆ ಸೋತ ದಿನದ ಫೋಟೋ ತೆಗಿಯೋಕೆ ಕೈ ಬರಲ್ಲ, ತೆಗೆದ್ರೂ ಹಾಕೋಕೆ ಮನಸ್ಸು ಬರಲ್ಲ. ಕ್ಲಬ್ಬಿನ ಪೋಸ್ಟರಿಗೆ, ಇನ್‌ಸ್ಟಾಗ್ರಾಮ್ ಪೇಜಿಗೆ ಫೋಟೋ ತೆಗೆದುಕೊಡೋದು ಪ್ರಚಾರದ ಕೆಲಸ, ಅದು ಒಳ್ಳೆ ಕೆಲಸನೇ, ಆದ್ರೆ ಅಲ್ಲಿ ಕ್ಲಬ್ ಚೆನ್ನಾಗಿ ಕಾಣಬೇಕು ಅನ್ನೋದು ಮೊದಲು. ಇಲ್ಲಿ ನಡೆದದ್ದು ನಡೆದ ಹಾಗೇ ಕಾಣಬೇಕು ಅನ್ನೋದು ಮೊದಲು. ಎರಡನ್ನೂ ಒಂದೇ ದಿನ ಒಂದೇ ಜಾಗದಲ್ಲಿ ಮಾಡೋಕೆ ಹೋದ್ರೆ ಎರಡೂ ಅರೆಬರೆ ಆಗತ್ತೆ.

ಹಂತ 2: ಪರ್ಮಿಷನ್ನು, ಪರಿಚಯ

ಕ್ಲಬ್ ನಡೆಸೋರ ಹತ್ರ, ಅವರಿಗೆ ಜವಾಬ್ದಾರಿ ಇರೋ ಲೆಕ್ಚರರ್ ಹತ್ರ, ಇಬ್ಬರ ಹತ್ರನೂ ಮುಂಚೆನೇ ಮಾತಾಡಿ. ಹೇಳೋದು ಸರಳವಾಗಿರಲಿ. "ನಾನು ನಿಮ್ಮ ತಂಡದ ಮೇಲೆ ಒಂದು ಫೋಟೋ ಸ್ಟೋರಿ, ಅಂದ್ರೆ ಕೆಲವು ಫೋಟೋಗಳಲ್ಲೇ ಹೇಳೋ ಕಥೆ, ಮಾಡ್ಬೇಕು ಅಂತಿದೀನಿ, ಪ್ರದರ್ಶನದ ದಿನವರೆಗೂ ಆಗಾಗ ಬಂದು ಸುಮ್ನೆ ಒಂದು ಕಡೆ ಇರ್ತೀನಿ, ಪೋಸ್ ಕೊಡೋದು ಬೇಡ, ಫೋಟೋಗಳು ಇಂಥ ಕಡೆ ಬರಬಹುದು" ಇಷ್ಟು ಸಾಕು. ಎಲ್ಲಿ ಹಾಕ್ತೀರಿ ಅನ್ನೋದನ್ನ ಮೊದಲೇ ಹೇಳೋದು ಮರೀಬೇಡಿ. ಆಮೇಲೆ "ಇದು ಅಲ್ಲಿ ಹಾಕ್ತೀಯ ಅಂತ ಗೊತ್ತಿರ್ಲಿಲ್ಲ" ಅಂತ ಒಬ್ಬರು ಅಂದ್ರೂ ಅಲ್ಲಿಗೆ ನಿಮ್ಮ ಮೇಲಿನ ನಂಬಿಕೆ ಮುಗೀತು. ಫೋಟೋ ಹಾಕೋ ಮುಂಚೆ ನಮಗೆ ತೋರಿಸಿ ಓಕೆ ಮಾಡಿಸ್ಕೊಳ್ಳಿ ಅಂತ ಕೆಲವರು ಕೇಳ್ತಾರೆ. ತೋರಿಸೋದ್ರಲ್ಲಿ ತಪ್ಪಿಲ್ಲ, ಆದ್ರೆ ಯಾವ್ದು ಹೋಗತ್ತೆ ಅಂತ ಆರಿಸೋದು ನಾನೇ ಅಂತ ನಯವಾಗಿ, ಸ್ಪಷ್ಟವಾಗಿ ಮೊದಲ ದಿನವೇ ಹೇಳ್ಬಿಡಿ. ಜೊತೆಗೆ, ಇದರಿಂದ ತೊಂದ್ರೆ ಆಗತ್ತೆ ಅಂತ ಯಾರಾದ್ರೂ ಬಂದು ಹೇಳಿದ್ರೆ ಖಂಡಿತ ಕೇಳಿಸ್ಕೋತೀನಿ ಅಂತನೂ ಹೇಳಿ, ಹೇಳಿದ್ದನ್ನ ಪಾಲಿಸಿ.

ಮೊದಲನೇ ಸಲ ಹೋದಾಗ ಕ್ಯಾಮೆರಾ ಕುತ್ತಿಗೆಗೆ ಹಾಕ್ಕೊಂಡು ಕೂತ್ಕೊಳ್ಳಿ, ಜಾಸ್ತಿ ಕ್ಲಿಕ್ ಮಾಡೋಕೆ ಹೋಗ್ಬೇಡಿ. ಹೆಸರು ಕೇಳಿ ಬರ್ಕೊಳ್ಳಿ. ಯಾರು ಎಲ್ಲಿ ನಿಂತ್ಕೋತಾರೆ, ಬೆಳಕು ಎಲ್ಲಿಂದ ಬರತ್ತೆ, ಯಾರ ಮಾತು ನಡೆಯತ್ತೆ, ಯಾರು ಯಾವಾಗ್ಲೂ ಎಲ್ಲರಿಗಿಂತ ಕೊನೇಲಿ ಹೋಗ್ತಾರೆ, ಇದನ್ನೆಲ್ಲ ನೋಡ್ಕೊಳ್ಳಿ. ಆ ಕೊನೇಲಿ ಹೋಗೋ ವ್ಯಕ್ತಿನೇ ಎಷ್ಟೋ ಸಲ ನಿಮ್ಮ ಕಥೆಯ ಮುಖ್ಯ ಪಾತ್ರ ಆಗಿರ್ತಾರೆ. ಎಲ್ಲರೂ ಒಂದು ಗ್ರೂಪ್ ಫೋಟೋ ತೆಗಿ ಅಂತ ಕೇಳೇ ಕೇಳ್ತಾರೆ. ತೆಗೆದು ಅವತ್ತೇ ಕಳಿಸ್ಬಿಡಿ. ಅದು ಸಿಕ್ಕ ಮೇಲೆ ಜನ ನಿಮ್ಮನ್ನ ನಿಮ್ಮ ಪಾಡಿಗೆ ಬಿಡ್ತಾರೆ.

ಯೂಜೀನ್ ಸ್ಮಿತ್ ಅನ್ನೋ ಅಮೆರಿಕನ್ ಫೋಟೋಗ್ರಾಫರ್ 1948ರಲ್ಲಿ ಲೈಫ್ ಮ್ಯಾಗಜೀನ್‌ಗೆ ಕೊಲರಾಡೋದ ಕ್ರೆಮ್ಲಿಂಗ್ ಅನ್ನೋ ಚಿಕ್ಕ ಊರಿನ ಡಾಕ್ಟರ್ ಒಬ್ಬರ ಬಗ್ಗೆ ಫೋಟೋ ಸ್ಟೋರಿ ಮಾಡಿದ್ರು, ಅದಕ್ಕೋಸ್ಕರ 23 ದಿನ ಆ ಡಾಕ್ಟರ್ ಹಿಂದೆ ಹಿಂದೆನೇ ಓಡಾಡಿದ್ರು. ಇವತ್ತಿಗೂ ಫೋಟೋ ಸ್ಟೋರಿ ಅಂದ್ರೆ ಮೊದಲು ತೋರಿಸೋದು ಅದನ್ನೇ. ಆಪರೇಷನ್ ಮಾಡೋದು, ಅರ್ಧ ರಾತ್ರಿ ಸುಸ್ತಾಗಿ ಕಾಫಿ ಕಪ್ ಹಿಡ್ಕೊಂಡು ಅಡುಗೆಮನೆ ಕಟ್ಟೆಗೆ ಒರಗಿ ನಿಂತಿರೋದು, ಇಂಥ ಫೋಟೋ ಒಂದು ಮಧ್ಯಾಹ್ನ ಹೋಗಿ ಬಂದ್ರೆ ಸಿಗಲ್ಲ. ಒಂದು ಸೆಮಿಸ್ಟರ್‌ನಲ್ಲಿ ನಿಮ್ಮ ಕೈಲಿ ಅಷ್ಟು ಟೈಮ್ ಖಂಡಿತ ಇದೆ, ಸಾಯಂಕಾಲ ಒಂದೊಂದು ಗಂಟೆ ಆದ್ರೂ ಪರವಾಗಿಲ್ಲ.

ಹಂತ 3: ಕ್ಯಾಮೆರಾ, ಸೆಟ್ಟಿಂಗು

ಇರೋ ಕ್ಯಾಮೆರಾ ಸಾಕು. ಹಳೇ ಡಿಎಸ್‌ಎಲ್‌ಆರ್ ಆದ್ರೂ ಸರಿ, ಫೋನ್ ಆದ್ರೂ ಸರಿ. ದುಡ್ಡು ಹಾಕೋದಿದ್ರೆ ಕ್ಯಾಮೆರಾ ಬಾಡಿಗಿಂತ ಲೆನ್ಸಿಗೆ ಹಾಕಿ, 35 ಅಥವಾ 50 ಎಂಎಂ, ಎಫ್ 1.8 ಪ್ರೈಮ್, ಅಂದ್ರೆ ಜೂಮ್ ಆಗದ, ಹೆಚ್ಚು ಬೆಳಕು ಒಳಗೆ ಬಿಡೋ ಲೆನ್ಸ್ ಒಂದಿದ್ರೆ ಕ್ಲಬ್ ರೂಮಿನ ಮಬ್ಬು ಟ್ಯೂಬ್‌ಲೈಟಲ್ಲೂ ಕೆಲಸ ನಡೆಯತ್ತೆ. ಜೂಮ್ ಇಲ್ಲದಿರೋದ್ರಿಂದ ಹತ್ತಿರ ಹೋಗ್ಲೇಬೇಕಾಗತ್ತೆ, ಕಲಿಯೋ ಹೊತ್ತಲ್ಲಿ ಅದು ಒಳ್ಳೇದೇ. ಫೋನಲ್ಲಿ ತೆಗಿಯೋರು ಡಿಜಿಟಲ್ ಜೂಮ್ ಮುಟ್ಟಬೇಡಿ, ಪೋರ್ಟ್ರೇಟ್ ಮೋಡ್ ಆಫ್ ಇಡಿ, ಮುಖದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಮತ್ತೆ ಎಕ್ಸ್‌ಪೋಷರ್, ಅಂದ್ರೆ ಬೆಳಕಿನ ಪ್ರಮಾಣ, ಎರಡನ್ನೂ ಲಾಕ್ ಮಾಡೋದು ಅಭ್ಯಾಸ ಮಾಡ್ಕೊಳ್ಳಿ.

ಸೆಟ್ಟಿಂಗ್ ವಿಷಯದಲ್ಲಿ ನಾನು ಹೇಳೋದು ಅಪರ್ಚರ್ ಪ್ರಯಾರಿಟಿ (ಲೆನ್ಸ್ ಎಷ್ಟು ತೆರೆಯಬೇಕು ಅಂತ ನೀವು ಹೇಳ್ತೀರಿ, ಉಳಿದದ್ದು ಕ್ಯಾಮೆರಾ ನೋಡ್ಕೊಳ್ಳತ್ತೆ), ಆಟೋ ಐಎಸ್ಒ (ಬೆಳಕಿಗೆ ಸೆನ್ಸರ್ ಎಷ್ಟು ಸ್ಪಂದಿಸಬೇಕು ಅನ್ನೋದನ್ನ ಕ್ಯಾಮೆರಾನೇ ಆರಿಸತ್ತೆ), ಸಾಮಾನ್ಯವಾಗಿ ಕನಿಷ್ಠ ಶಟರ್ 1/250, ಅಂದ್ರೆ ಸೆಕೆಂಡಿನ 250ನೇ ಒಂದು ಭಾಗ. ಕೂತು ಮಾತಾಡೋ ಜನಕ್ಕೆ 1/125 ಸಾಕು, ಓಡಾಡೋರಿಗೆ 1/250, ಕುಣಿಯೋರಿಗೆ 1/500, ಆಟದ ಮೈದಾನದಲ್ಲಿ 1/1000. ಐಎಸ್ಒ 3200, 6400 ಹೋದ್ರೆ ಹೋಗ್ಲಿ ಬಿಡಿ. ಗ್ರೇನ್, ಅಂದ್ರೆ ಮರಳಿನ ಥರದ ಚುಕ್ಕೆ, ಇರೋ ಫೋಟೋನ ಪತ್ರಿಕೆಯವರು ಹಾಕ್ತಾರೆ, ಅಲುಗಾಡಿ ಮಸುಕಾಗಿರೋ ಮುಖವನ್ನ ಹಾಕಲ್ಲ. ಫ್ಲ್ಯಾಶ್ ಬೇಡ, ಒಂದ್ಸಲ ಹೊಡೆದ್ರೆ ಇಡೀ ರೂಮಿಗೆ ನೀವಿರೋದು ಗೊತ್ತಾಗತ್ತೆ, ಇಷ್ಟು ದಿನ ಸುಮ್ನೆ ಕೂತಿದ್ದೆಲ್ಲ ವೇಸ್ಟ್.

ಒಳಾಂಗಣದಲ್ಲಿ ತೆಗಿಯೋರಿಗೆ ಒಂದು ವಿಷಯ ಯಾರೂ ಮೊದಲೇ ಹೇಳಲ್ಲ. ಟ್ಯೂಬ್‌ಲೈಟು, ಕೆಲವು ಎಲ್‌ಇಡಿ ಬಲ್ಬುಗಳು ಕಣ್ಣಿಗೆ ಕಾಣದ ಹಾಗೆ ಮಿನುಗ್ತಾನೇ ಇರ್ತವೆ. ಕರೆಂಟು 50 ಹರ್ಟ್ಸ್ ಇರೋ ದೇಶದಲ್ಲಿ ಸೆಕೆಂಡಿಗೆ 100 ಸಲ, 60 ಹರ್ಟ್ಸ್ ಇರೋ ಕಡೆ 120 ಸಲ. ಅದಕ್ಕೇ ಒಂದೇ ಬರ್ಸ್ಟಲ್ಲಿ, ಅಂದ್ರೆ ಒಂದರ ಹಿಂದೊಂದು ಬೇಗ ಬೇಗ ತೆಗೆದಾಗ, ಒಂದು ಫೋಟೋ ಹಳದಿ, ಇನ್ನೊಂದು ಕಪ್ಪಗೆ, ಮತ್ತೊಂದರಲ್ಲಿ ಅಡ್ಡ ಪಟ್ಟೆ ಬರೋದು. ಹೀಗಾದ್ರೆ, ಜನ ಜಾಸ್ತಿ ಓಡಾಡ್ತಿಲ್ಲಾಂದ್ರೆ, ಶಟರನ್ನ 1/100ಕ್ಕೋ 1/50ಕ್ಕೋ ಇಳಿಸಿ, 60 ಹರ್ಟ್ಸ್ ಕಡೆ ಆದ್ರೆ 1/125 ಅಥವಾ 1/60, ಇಲ್ಲಾಂದ್ರೆ ಕ್ಯಾಮೆರಾದಲ್ಲಿ ಆ್ಯಂಟಿ ಫ್ಲಿಕರ್ ಅನ್ನೋ ಸೆಟ್ಟಿಂಗ್ ಇದ್ರೆ ಆನ್ ಮಾಡಿ. ಸೈಲೆಂಟ್ ಶಟರಲ್ಲಿ ಈ ಪಟ್ಟೆ ಇನ್ನೂ ಜಾಸ್ತಿ, ಸದ್ದು ಮಾಡಬಾರದ ಜಾಗಕ್ಕೆ ಹೋಗೋ ಮುಂಚೆ ಆ ಲೈಟ್ ಕೆಳಗೆ ನಾಲ್ಕು ಟೆಸ್ಟ್ ಫೋಟೋ ತೆಗೆದು ನೋಡ್ಕೊಳ್ಳಿ. ಕ್ಯಾಮೆರಾದ ತಾರೀಖು, ಟೈಮ್ ಸರಿ ಇದೆಯಾ ಅಂತನೂ ನೋಡಿ, ಕ್ಯಾಪ್ಷನ್ ಬರೆಯೋವಾಗ ಅದು ತುಂಬಾ ಬೇಕಾಗತ್ತೆ.

ಹಂತ 4: ನಿಂತ್ಕೊಳ್ಳೋದು, ಕಾಯೋದು, ಒತ್ತೋದು

ಒಳಗೆ ಹೋದ ತಕ್ಷಣ ಹಿನ್ನೆಲೆ ನೋಡಿ. ತಲೆ ಹಿಂದೆ ಟ್ಯೂಬ್‌ಲೈಟ್ ಬರ್ತಿದೆಯಾ, ಡಸ್ಟ್‌ಬಿನ್ ಇದೆಯಾ, ಬಾಗಿಲ ಬೆಳಕು ಕಣ್ಣಿಗೆ ಹೊಡೀತಿದೆಯಾ. ಚೆನ್ನಾಗಿರೋ ಹಿನ್ನೆಲೆ ಸಿಕ್ಕಿದ್ರೆ ಅಲ್ಲೇ ನಿಂತ್ಕೊಂಡು ಆ ಫ್ರೇಮ್ ಒಳಗೆ ಏನಾದ್ರೂ ನಡೆಯೋವರೆಗೂ ಕಾಯಿರಿ. ಜನದ ಹಿಂದೆ ಅಟ್ಟಿಸ್ಕೊಂಡು ಹೋಗೋರಿಗಿಂತ ಒಂದು ಜಾಗದಲ್ಲಿ ಕಾಯೋರಿಗೆ ಒಳ್ಳೆ ಫೋಟೋ ಜಾಸ್ತಿ ಸಿಗತ್ತೆ.

ಪ್ರತಿ ಸಲ ಹೋದಾಗ್ಲೂ ಮೂರು ದೂರದಲ್ಲಿ ತೆಗೀರಿ. ದೂರದಿಂದ, ಇಡೀ ರೂಮು ಕಾಣೋ ಹಾಗೆ, ಇದು ಯಾವ ಜಾಗ ಅಂತ ಓದುಗರಿಗೆ ಗೊತ್ತಾಗಬೇಕು. ಮಧ್ಯದ ದೂರದಿಂದ, ಇಬ್ಬರು ಮೂವರು ಏನು ಮಾಡ್ತಿದಾರೆ ಅಂತ. ಆಮೇಲೆ ತುಂಬಾ ಹತ್ತಿರದಿಂದ, ಬೆರಳು, ಕಿತ್ತುಹೋದ ಸ್ಕ್ರಿಪ್ಟು, ಅಂಗೈಯಲ್ಲಿ ಬರ್ಕೊಂಡಿರೋ ಡೈಲಾಗು. ಹೊಸಬರ ಮೆಮೊರಿ ಕಾರ್ಡ್ ತೆಗೆದು ನೋಡಿ, ಎಲ್ಲವೂ ಮಧ್ಯದ ದೂರದ್ದೇ ಇರತ್ತೆ, ನಿಂತ ಎತ್ತರದಿಂದಲೇ ಇರತ್ತೆ. ನೆಲಕ್ಕೆ ಕೂತ್ಕೊಳ್ಳಿ, ಮೆಟ್ಟಿಲು ಹತ್ತಿ, ಬಾಗಿಲ ಆಚೆಯಿಂದ ನೋಡಿ.

ಸರಿಯಾದ ಕ್ಷಣಕ್ಕೆ ಒತ್ತಬೇಕು ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಆ ಕ್ಷಣ ಎಲ್ಲಿರತ್ತೆ ಅಂತ ಹೇಳಲ್ಲ. ನಾನು ನೋಡಿದ ಮಟ್ಟಿಗೆ ಅದು ಮುಖ್ಯ ಘಟನೆಗಿಂತ ಒಂದು ಸೆಕೆಂಡ್ ಮುಂಚೆ ಅಥವಾ ಒಂದು ಸೆಕೆಂಡ್ ಆದ್ಮೇಲೆ ಇರತ್ತೆ. ಡಿಬೇಟಲ್ಲಿ ಮಾತಾಡ್ತಿರೋರ ಫೋಟೋ ಎಲ್ಲಾ ಒಂದೇ ಥರ, ಬಾಯಿ ತೆರೆದಿರತ್ತೆ, ಮೈಕು ಅರ್ಧ ಮುಖ ಮುಚ್ಚಿರತ್ತೆ. ಅದೇ ಎದುರಿನ ತಂಡದ ಹುಡುಗಿ ಆ ಮಾತು ಕೇಳ್ತಾ ಪೆನ್ನು ಕಚ್ಕೊಂಡು ಉತ್ತರ ಹುಡುಕ್ತಿರೋ ಮುಖ ನೋಡಿ. ಗೋಲ್ ಹೊಡೆದವರಿಗಿಂತ ಗೋಲ್ ಬಿಟ್ಟ ಗೋಲ್‌ಕೀಪರ್ ಕಡೆ ಕ್ಯಾಮೆರಾ ತಿರುಗಿಸಿ. ನಾಟಕದಲ್ಲಿ ಸ್ಟೇಜ್ ಬಿಟ್ಟು ಸೈಡ್ ವಿಂಗಿಗೆ ಹೋಗಿ, ತನ್ನ ಪಾತ್ರದ ಎಂಟ್ರಿಗೆ ಕಾಯ್ತಾ ತುಟಿ ಅಲ್ಲಾಡಿಸ್ತಾ ನಿಂತಿರೋರು ಅಲ್ಲಿ ಸಿಗ್ತಾರೆ. ಪ್ರೋಗ್ರಾಂ ಶುರುವಾಗೋಕೆ ಒಂದು ಗಂಟೆ ಮುಂಚೆ ಹೋಗಿ, ಎಲ್ಲರೂ ಹೋದ್ಮೇಲೆ ಕುರ್ಚಿ ಎತ್ತಿಡೋವರೆಗೂ ಇರಿ.

ಇನ್ನೊಂದು ಮಾತು, ಇದು ಗಟ್ಟಿಯಾಗಿ ಹೇಳ್ಬೇಕಾದ್ದು: ಏನನ್ನೂ ಮಾಡಿಸ್ಬೇಡಿ. "ಇನ್ನೊಂದ್ಸಲ ಹಾಗೇ ನಗು", "ಅದನ್ನ ಮತ್ತೆ ಎತ್ತಿ ತೋರ್ಸು" ಅಂದ ತಕ್ಷಣ ಅದು ನ್ಯೂಸ್ ಫೋಟೋ ಆಗಿ ಉಳಿಯಲ್ಲ. ಮಿಸ್ ಆದ್ರೆ ಮಿಸ್ಸೇ. ಅದೇ ಜನ ನಾಳೆನೂ ಅಲ್ಲೇ ಇರ್ತಾರೆ, ಅದೇ ಕೆಲಸ ಮತ್ತೆ ಮಾಡ್ತಾರೆ, ಕ್ಯಾಂಪಸ್ಸಿನ ದೊಡ್ಡ ಅನುಕೂಲನೇ ಅದು.

ಹಂತ 5: ಪೋರ್ಟ್ರೇಟು

ಪೋಸ್ ಕೊಡಿಸಬಹುದಾದ ಜಾಗ ಇದೊಂದೇ, ಯಾಕಂದ್ರೆ ಅವರು ಕ್ಯಾಮೆರಾಗೆ ಕೂತಿದಾರೆ ಅಂತ ನೋಡೋರಿಗೂ ಗೊತ್ತಾಗತ್ತೆ. ಅವರು ಕೆಲಸ ಮಾಡೋ ಜಾಗದಲ್ಲೇ, ಕಿಟಕಿ ಪಕ್ಕ, ಕಿಟಕಿ ಬೆಳಕು ಮುಖದ ಒಂದು ಕಡೆ ಬೀಳೋ ಹಾಗೆ ಕೂರಿಸಿ. ಮೊದಲ ಹತ್ತು ಫೋಟೋ ಬಿಗಿಯಾಗೇ ಇರತ್ತೆ, ಮಾತಾಡಿಸ್ತಾ ಇರಿ, ಈ ಕ್ಲಬ್ಬಿಗೆ ಹೇಗೆ ಬಂದ್ರಿ, ಬಿಟ್ಟುಬಿಡೋಣ ಅನ್ಸಿತ್ತಾ ಅಂತ ಕೇಳಿ. ಉತ್ತರ ಯೋಚಿಸೋವಾಗ ಬರೋ ಮುಖನೇ ಬೇಕಾಗಿರೋದು. ನಮ್ಮ ಮೈಸೂರಿನ ಫೋಟೋಜರ್ನಲಿಸ್ಟ್ ಟಿ.ಎಸ್. ಸತ್ಯನ್ ಅವರ ಕಪ್ಪು ಬಿಳುಪು ಫೋಟೋಗಳನ್ನ ಹುಡುಕಿ ನೋಡಿ, ಮಕ್ಕಳು, ದುಡಿಯೋ ಜನ, ದಿನನಿತ್ಯದ ಬದುಕು. ಯಾರನ್ನೂ ಪಾಪ ಅನ್ನೋ ಹಾಗೆ ತೋರಿಸಲ್ಲ ಅವರು. ಸೆಕ್ಯುರಿಟಿಯವರದ್ದೋ ಕ್ಲೀನಿಂಗ್ ಮಾಡೋ ಅಮ್ಮಂದೋ ಫೋಟೋ ತೆಗಿಯೋಕೆ ಹೋಗೋ ಮುಂಚೆ ಒಂದು ಸಂಜೆ ಅದನ್ನ ನೋಡ್ಕೊಂಡು ಹೋಗಿ. ಅವರ ಹತ್ರನೂ ಪ್ರಿನ್ಸಿಪಾಲರ ಹತ್ರ ಕೇಳೋ ಅಷ್ಟೇ ಗೌರವದಿಂದ ಪರ್ಮಿಷನ್ ಕೇಳಿ, ಮೇಲಿನವರಿಂದ ಹೇಳಿಸಿ ಒಪ್ಪಿಸ್ಬೇಡಿ, ಬೇಡ ಅಂದ್ರೆ ಬಿಟ್ಬಿಡಿ.

ಹಂತ 6: ಕ್ಯಾಪ್ಷನ್

ಫೋಟೋ ಚೆನ್ನಾಗಿದ್ದು ಕ್ಯಾಪ್ಷನ್ ಇಲ್ಲಾಂದ್ರೆ ಅದು ಜರ್ನಲಿಸಂ ಆಗಲ್ಲ. ಜೇಬಲ್ಲಿ ಒಂದು ಚಿಕ್ಕ ನೋಟ್‌ಬುಕ್ಕು ಇರಲಿ. ಫೋಟೋದಲ್ಲಿ ಗುರುತು ಸಿಗೋ ಪ್ರತಿಯೊಬ್ಬರ ಪೂರ್ತಿ ಹೆಸರು, ಯಾವ ವರ್ಷ, ಯಾವ ವಿಭಾಗ, ಎಡಗಡೆಯಿಂದ ಯಾರ್ಯಾರು, ಅಲ್ಲೇ ಬರ್ಕೊಳ್ಳಿ. ಹೆಸರನ್ನ ಅವರ ಕೈಲೇ ಬರೆಸಿದ್ರೆ ಇನ್ನೂ ಒಳ್ಳೇದು, ಸ್ಪೆಲ್ಲಿಂಗ್ ತಪ್ಪಲ್ಲ. ರೂಮಿಗೆ ಬಂದು ಫೇಸ್‌ಬುಕ್ಕಲ್ಲಿ ಹುಡುಕ್ತೀನಿ ಅಂತ ಬಿಟ್ರೆ ಒಂದೇ ಹೆಸರಿನ ಇಬ್ಬರು ಸಿಕ್ಕಿ ಗೊಂದಲ ಆಗತ್ತೆ.

ಎರಡು ವಾಕ್ಯ ಸಾಕು. ಮೊದಲನೇದ್ರಲ್ಲಿ ಯಾರು, ಏನು ಮಾಡ್ತಿದಾರೆ, ಎಲ್ಲಿ, ಯಾವ ದಿನ. ಎರಡನೇದ್ರಲ್ಲಿ ಫೋಟೋದಲ್ಲಿ ಕಾಣದ ಆದ್ರೆ ಗೊತ್ತಿರಬೇಕಾದ ಒಂದು ವಿಷಯ, ಉದಾಹರಣೆಗೆ ಸ್ಪರ್ಧೆಗೆ ಎರಡೇ ದಿನ ಇರೋವಾಗ ರೋಬೋಟ್‌ನ ಮೋಟರ್ ಸುಟ್ಟುಹೋಗಿತ್ತು ಅನ್ನೋದು. "ಪ್ರೇಕ್ಷಕರ ಮನಸೂರೆಗೊಂಡರು", "ಎಲ್ಲರ ಗಮನ ಸೆಳೆದರು" ಇಂಥವನ್ನ ದಯವಿಟ್ಟು ಬರೀಬೇಡಿ, ಎಲ್ಲರ ಮನಸ್ಸು ನಿಮಗೆ ಹೇಗೆ ಗೊತ್ತು? ಬೇಜಾರಲ್ಲಿ ಕೂತಿದಾರೆ ಅಂತ ಬರೆಯೋ ಮುಂಚೆನೂ ಕೇಳಿ, ಬರೀ ನಿದ್ದೆ ಬಂದಿರಬಹುದು.

ಕ್ಯಾಪ್ಷನ್ ತಪ್ಪಾದ್ರೆ ಏನಾಗತ್ತೆ ಅನ್ನೋದಕ್ಕೆ 2015ರ ವರ್ಲ್ಡ್ ಪ್ರೆಸ್ ಫೋಟೋ ಅನ್ನೋ ಅಂತರರಾಷ್ಟ್ರೀಯ ಸುದ್ದಿ ಫೋಟೋ ಸ್ಪರ್ಧೆ ನೋಡಿ. ಬೆಲ್ಜಿಯಂನ ಶಾರ್ಲರುವಾ ಅನ್ನೋ ಊರಿನ ಬಗ್ಗೆ ಮಾಡಿದ ಫೋಟೋ ಸ್ಟೋರಿಗೆ ಮೊದಲ ಬಹುಮಾನ ಬಂದಿತ್ತು, ಅದರಲ್ಲಿ ಒಂದು ಫೋಟೋ ಬ್ರಸೆಲ್ಸಲ್ಲಿ ತೆಗೆದದ್ದು ಅಂತ ಗೊತ್ತಾಗಿ ಬಹುಮಾನವನ್ನೇ ವಾಪಸ್ ತಗೊಂಡ್ರು. ಊರಿನ ಹೆಸರು ಒಂದು ತಪ್ಪಾದ್ರೆ ಉಳಿದ ಫೋಟೋಗಳ ಮೇಲೂ ಅನುಮಾನ ಬರತ್ತೆ.

ಬರೆದ ಕ್ಯಾಪ್ಷನ್ನನ್ನ ಫೋಟೋ ಫೈಲ್ ಒಳಗೇ, ಐಪಿಟಿಸಿ ಮೆಟಾಡೇಟಾ ಅಂತ ಫೋಟೋ ಜೊತೆಗೇ ಹೋಗೋ ಮಾಹಿತಿ ಬರೆಯೋ ಜಾಗ ಇರತ್ತೆ, ಅಲ್ಲಿ ಸೇರಿಸಿ. ಲೈಟ್‌ರೂಮ್, ಡಿಜಿಕ್ಯಾಮ್ ಥರದ ಸಾಫ್ಟ್‌ವೇರಲ್ಲಿ ಆಗತ್ತೆ, ಡಿಜಿಕ್ಯಾಮ್ ಅಂತೂ ಫ್ರೀ. ಆದ್ರೆ ವಾಟ್ಸಾಪಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಮೆಟಾಡೇಟಾ ಅಳಿಸಿಹೋಗತ್ತೆ, ಸೈಜೂ ಚಿಕ್ಕದಾಗತ್ತೆ. ಮೇಲ್ ಮಾಡಿ ಅಥವಾ ಡ್ರೈವ್ ಲಿಂಕ್ ಕಳಿಸಿ.

ಹಂತ 7: ಆರಿಸೋದು, ತಿದ್ದೋದು

ಮನೆಗೆ ಬಂದ ತಕ್ಷಣ ಕಾರ್ಡನ್ನ ಎರಡು ಕಡೆ ಕಾಪಿ ಮಾಡಿ, ಆಮೇಲೆ ಊಟ. ಮೊದಲ ಸುತ್ತಲ್ಲಿ ಬೇಗ ಬೇಗ ನೋಡ್ತಾ ಕಣ್ಣು ನಿಂತಿದ್ದನ್ನ ಮಾತ್ರ ಮಾರ್ಕ್ ಮಾಡಿ. ಮಾರನೇ ದಿನ ಎರಡನೇ ಸುತ್ತು. ಒಂದು ಸಂಜೆಯಿಂದ ಐದಾರು ಉಳಿದ್ರೆ ಅದು ಒಳ್ಳೆ ಸಂಜೆ. ಎಷ್ಟು ಕಷ್ಟಪಟ್ಟು ತೆಗೆದ್ರಿ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ, ಅಲ್ಲಿ ಇರದವರೊಬ್ಬರಿಗೆ ತೋರಿಸಿ, ಏನೂ ವಿವರಿಸ್ದೆ, ಏನು ಕಾಣ್ತಿದೆ ಅಂತ ಕೇಳಿ.

ತಿದ್ದೋದಕ್ಕೆ ಗಡಿ ಇದೆ. ಬೆಳಕು ಸ್ವಲ್ಪ ಹೆಚ್ಚುಕಮ್ಮಿ ಮಾಡೋದು, ಬಣ್ಣ ಸರಿ ಮಾಡೋದು, ಓರೆ ಆಗಿದ್ರೆ ನೇರ ಮಾಡೋದು, ಕ್ರಾಪ್, ಇಷ್ಟು ನಡೆಯತ್ತೆ. ಏನನ್ನೂ ಸೇರಿಸೋ ಹಾಗಿಲ್ಲ, ತೆಗೆಯೋ ಹಾಗಿಲ್ಲ. 2003ರ ಇರಾಕ್ ಯುದ್ಧದಲ್ಲಿ ಲಾಸ್ ಏಂಜಲಿಸ್ ಟೈಮ್ಸ್ ಫೋಟೋಗ್ರಾಫರ್ ಒಬ್ಬರು ಎರಡು ಫೋಟೋ ಸೇರಿಸಿ ಒಂದು ಮಾಡಿದ್ದಕ್ಕೆ ಕೆಲಸ ಕಳ್ಕೊಂಡ್ರು. 2014ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಅನ್ನೋ ಸುದ್ದಿ ಸಂಸ್ಥೆ ಪುಲಿಟ್ಜರ್ ಪ್ರಶಸ್ತಿ ಬಂದಿದ್ದ ಒಬ್ಬ ಫ್ರೀಲಾನ್ಸರ್ ಜೊತೆ ಸಂಬಂಧನೇ ಕಡ್ಕೊಳ್ತು, ಸಿರಿಯಾದ ಒಂದು ಫೋಟೋದ ಮೂಲೆಯಲ್ಲಿದ್ದ ಇನ್ನೊಬ್ಬ ಪತ್ರಕರ್ತರ ವೀಡಿಯೋ ಕ್ಯಾಮೆರಾನ ಅಳಿಸಿದ್ದಕ್ಕೆ. ಮೂಲೆಯ ಆ ಕ್ಯಾಮೆರಾ ಇದ್ದಿದ್ರೂ ಫೋಟೋ ಚೆನ್ನಾಗೇ ಇರ್ತಿತ್ತು. ಈಗ ಫೋನಲ್ಲೇ ಒಂದು ಬೆರಳಲ್ಲಿ ಹಿಂದಿನ ಜನನ್ನ ಮಾಯ ಮಾಡೋ ಎಐ ಟೂಲ್ ಇದೆ, ಈ ಕೆಲಸಕ್ಕೆ ಅದನ್ನ ಮುಟ್ಟಲೇಬೇಡಿ, ಮೊಡವೆ ಅಳಿಸೋಕೂ ಬೇಡ. ಒರಿಜಿನಲ್ ರಾ ಅಥವಾ ಜೆಪೆಗ್ ಫೈಲನ್ನ ಯಾವತ್ತೂ ಡಿಲೀಟ್ ಮಾಡ್ಬೇಡಿ, ಯಾರಾದ್ರೂ ಪ್ರಶ್ನೆ ಮಾಡಿದ್ರೆ ತೋರ್ಸೋಕೆ ಇರಬೇಕು.

ಹಂತ 8: ಕಥೆ ಕಟ್ಟೋದು, ಹೊರಗೆ ತರೋದು

ಎಂಟರಿಂದ ಹನ್ನೆರಡು ಫೋಟೋ ಸಾಕು. ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿದ್ರೆ ಜೋಡಿಸೋದು ಸುಲಭ, ಅಗ್ಗದ ಪ್ರಿಂಟ್ ಆದ್ರೂ ಸಾಕು. ಜಾಗ ತೋರ್ಸೋದೊಂದು, ಮುಖ್ಯ ವ್ಯಕ್ತಿಯ ಪೋರ್ಟ್ರೇಟ್ ಒಂದು, ಕೈಗಳ ಹತ್ತಿರದ ಫೋಟೋ, ಇಬ್ಬರ ನಡುವೆ ಏನೋ ನಡೀತಿರೋದು, ಗಡುವಿನ ದಿನ, ಅದು ಮುಗಿದ ಮೇಲಿಂದು. ಒಂದೇ ಮಾತನ್ನ ಎರಡು ಫೋಟೋ ಹೇಳ್ತಿದ್ರೆ ಒಂದನ್ನ ಕೈಬಿಡಿ, ಎರಡೂ ಚಂದ ಇದ್ರೂನೂ. ಹೀಗೆ ಹರಡಿ ನೋಡಿದಾಗ ಏನು ಇಲ್ಲ ಅಂತ ಗೊತ್ತಾಗತ್ತೆ, ಆ ಫೋಟೋಗೋಸ್ಕರ ಮತ್ತೆ ಹೋಗಿ. ಅದಕ್ಕೇ ಪ್ರದರ್ಶನ ಮುಗಿಯೋವರೆಗೂ ಕಾಯದೆ ಮಧ್ಯದಲ್ಲೇ ಒಂದ್ಸಲ ಹರಡಿ ನೋಡೋದು ಒಳ್ಳೇದು.

ಕ್ಲಬ್ ಅಂದ್ರೂ ಎಲ್ಲಾ ಕ್ಲಬ್ಬೂ ಒಂದೇ ಅಲ್ಲ. ಕಷ್ಟ ಹೇಳ್ಕೊಳ್ಳೋಕೆ, ಒಬ್ಬರಿಗೊಬ್ಬರು ಆಸರೆ ಆಗೋಕೆ ಸೇರೋ ಗುಂಪುಗಳೂ ಇರ್ತವೆ, ಅಲ್ಲಿ ಕಾಣಿಸ್ಕೊಂಡ್ರೆ ಒಬ್ಬರ ಬದುಕೇ ಏರುಪೇರಾಗಬಹುದು. ಅಂಥ ಕಡೆ ಗುಂಪಿನ ಒಪ್ಪಿಗೆ ಸಾಲಲ್ಲ, ಒಬ್ಬೊಬ್ಬರ ಒಪ್ಪಿಗೆನೂ ಬೇಕು, ಇವತ್ತು ಹೂಂ ಅಂದವರು ನಾಳೆ ಬೇಡ ಅಂದ್ರೆ ಆ ಫೋಟೋ ಇಲ್ಲ ಅಂತಲೇ ಅಂದ್ಕೊಳ್ಳಿ. 18 ವರ್ಷ ತುಂಬದವರು ಇದ್ರೆ ಮನೆಯವರನ್ನ ಕೇಳಿ. ಯಾರಾದ್ರೂ ಅತ್ತರೆ, ಬಿದ್ದು ಪೆಟ್ಟಾದ್ರೆ, ಮೊದಲು ಸಹಾಯಕ್ಕೆ ಬೇರೆಯವರಿದಾರಾ ಅಂತ ನೋಡಿ, ಇಲ್ಲಾಂದ್ರೆ ಕ್ಯಾಮೆರಾ ಕೆಳಗಿಡಿ.

ಸ್ಟೋರಿ ರೆಡಿ ಆದ್ಮೇಲೆ ಕಾಲೇಜ್ ಮ್ಯಾಗಜೀನ್‌ಗೆ, ವಿಭಾಗದ ಪತ್ರಿಕೆಗೆ, ಇಲ್ಲಾಂದ್ರೆ ಕಾರಿಡಾರಲ್ಲಿ ಒಂದು ಗೋಡೆ ಕೇಳಿ ಅಲ್ಲಿ ಹಾಕಿ. ಸಂಪಾದಕರಿಗೆ ಕಳಿಸೋವಾಗ ಇಮೇಲಲ್ಲಿ ನಾಲ್ಕು ಸಾಲು ಪರಿಚಯ, ಫೈಲ್ ಹೆಸರಲ್ಲಿ ತಾರೀಖು ಮತ್ತೆ ಕ್ಲಬ್ ಹೆಸರು, ಪ್ರತಿ ಫೋಟೋಗೂ ಕ್ಯಾಪ್ಷನ್, ಕ್ಲಬ್ಬಲ್ಲಿ ನಿಮಗೆ ಆಪ್ತರು ಯಾರಾದ್ರೂ ಇದ್ರೆ ಅದನ್ನೂ ಮುಚ್ಚಿಡ್ದೆ ಹೇಳಿ. ಸ್ಟೋರಿ ಬಂದ ದಿನ ಒಂದು ಪ್ರತಿ ತಗೊಂಡು ಕ್ಲಬ್ ರೂಮಿಗೆ ಹೋಗಿ, ಅವರು ನೋಡೋವಾಗ ಪಕ್ಕದಲ್ಲಿರಿ. ಯಾವ ಫೋಟೋ ಹತ್ರ ನಿಂತು ಏನು ಮಾತಾಡ್ತಾರೆ, ಯಾವುದನ್ನ ನೋಡಿ ಸುಮ್ನಾಗ್ತಾರೆ, ಹೀಗಿರಲಿಲ್ಲ ಅಂತ ಎಲ್ಲಿ ಹೇಳ್ತಾರೆ ಅನ್ನೋದನ್ನ ಅದೇ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ, ಮುಂದಿನ ಸ್ಟೋರಿಗೆ ಯಾರ ಹಿಂದೆ ಹೋಗಬೇಕು ಅನ್ನೋದು ಬಹಳ ಸಲ ಆ ಮಾತುಗಳಲ್ಲೇ ಸಿಗತ್ತೆ.